ಕೆಂಪು ಗೆರೆಯ ಕೆಳಗಿದ್ದ ಅಮ್ಮ

ಚಟ್, ಚಟ್, ಚಟ್. ಸಿಮೆಂಟಿಗೆ ಸ್ಕಿಪ್ಪಿಂಗ್ ಹಗ್ಗ ಬಡಿಯುವ ಸದ್ದು. ಕೋವಿಡ್ ವರ್ಷ ಅಮೆರಿಕದಲ್ಲಿ, ಅಟ್ಲಾಂಟಾ ಹತ್ತಿರದ ಕಮ್ಮಿಂಗ್ ಊರಿನ ಮಗಳ ಮನೆಯಲ್ಲಿ ನನಗೆ ಬೆಳಗಾಗುತ್ತಿದ್ದುದೇ ಆ ಸದ್ದಿಗೆ. ಪಕ್ಕದ ಮನೆಯ ಡ್ರೈವ್‌ವೇನಲ್ಲಿ ಅರವತ್ತು ದಾಟಿದ ಹಳೇ ಬಾಕ್ಸರ್ ಒಬ್ಬರು ಜೋರಾಗಿ ಎಣಿಸುತ್ತ ಹಾರುತ್ತಿದ್ದರು. ಮುರಿದು ಸೊಟ್ಟಗೆ ಕೂಡಿಕೊಂಡ ಮೂಗು, ಬಾಗಿಲಷ್ಟು ಅಗಲದ ಬೆನ್ನು. ಅರವತ್ತೆಂಟಾದ ಮೇಲೆ ಮತ್ತೆ ನಲವತ್ತು ಬರುತ್ತಿತ್ತು. ತಮಾಷೆಗೆಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ಅಜ್ಜಿ ಕಾನ್ವೆಂಟಿನಲ್ಲಿ ಓದಿದವಳು ಎಂದು ಮೊಮ್ಮಗಳು ಅವರಿಗೆ ಹೇಳಿಬಿಟ್ಟಿದ್ದಳು. ಒಂದು ದಿನ ಬೇಲಿಯಾಚೆಯಿಂದ ಹಳದಿ ಕಾಗದದ ಪ್ಯಾಡ್ ಚಾಚಿದರು. ಅಟ್ಲಾಂಟಾದ ಒರಟು ಕೇರಿಯೊಂದರಲ್ಲಿ ತಾವು ಬೆಳೆದ ಕಥೆ, ಪೆನ್ಸಿಲಿನಲ್ಲಿ ಬರೆದದ್ದು, ಇರುವುದು ಅದೊಂದೇ ಪ್ರತಿ.

"ಏಟು ತಿಂದೂ ತಿಂದೂ ತಲೆ ಸೋರ್ತಾ ಇದೆ, ಮ್ಯಾಮ್. ಅಮ್ಮನ ಮಾತು ಮರೆತುಹೋಗೋದರೊಳಗೆ ಬರೆದಿಟ್ಟಿದೀನಿ. ಸ್ಪೆಲಿಂಗ್ ಮಾತ್ರ ನೋಡಿ."

ಸ್ಪೆಲಿಂಗ್ ಮಾತ್ರ ಎಂದಿದ್ದರು. ನನ್ನ ಕೈ ಕೇಳಬೇಕಲ್ಲ. ಗುಂಡಿನ ಸದ್ದು ಕೇಳುವ ಬೀದಿ, ಕತ್ತಲಾಗುವ ಮೊದಲು ಮಗನ ಕಾಲರ್ ಹಿಡಿದು ಒಳಗೆಳೆಯುವ ತಾಯಿ, ಆಕೆಗೆ ಈತ ತಲೆ ತಗ್ಗಿಸಿ ಹೇಳುತ್ತಿದ್ದ 'ಯೆಸ್, ಮ್ಯಾಮ್'. ಓದುತ್ತ ಕಣ್ಣು ತುಂಬುತ್ತಿತ್ತು, ಕೆಂಪು ಪೆನ್ನೂ ಓಡುತ್ತಿತ್ತು. ಆಕೆ 'ಐ ಡೋಂಟ್ ಪ್ಲೇ' ಎಂದು ಗದರುವ ಕಡೆ ಪೂರಾ ಸಾಲನ್ನೇ ಹೊಡೆದು, 'ಸನ್, ಐ ಡೂ ನಾಟ್ ಪ್ಲೇ ಎನಿ ಗೇಮ್ಸ್. ಕೈಂಡ್ಲಿ ಕಮ್ ಇನ್‌ಸೈಡ್' ಎಂದು ನೀಟಾಗಿ ಬರೆದೆ. ಹೊಡೆದುಹಾಕಿದ ತಪ್ಪು ಕಣ್ಣಿಗೆ ಕಾಣಬಾರದು ಎನ್ನುತ್ತಿದ್ದರು ನಮ್ಮ ಕಾನ್ವೆಂಟಿನ ಸಿಸ್ಟರ್. ಹಾಗೇ ಹೊಡೆದಿದ್ದೆ.

ಮೊಮ್ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. "ಅಜ್ಜಿ, ನೋ. ಅದು ಗೇಮ್ ಅಲ್ಲ. ನನ್ನ ಹತ್ರ ಆಟ ನಡೆಯಲ್ಲ ಅಂತ. ಅವರ ಮಾಮ್ ಸೂಪರ್ ಸ್ಟ್ರಿಕ್ಟ್."

ಪ್ಯಾಡ್ ವಾಪಸು ಕೊಡುವಾಗ ಕ್ಷಮೆ ಕೇಳಿದೆ. ಅವರು ರೇಗಲಿಲ್ಲ. ನಾನು ಬರೆದದ್ದನ್ನು ನನ್ನಿಂದಲೇ ಓದಿಸಿ, ಕಣ್ಣು ಮುಚ್ಚಿ ಕೇಳಿದರು.

"ತುಂಬಾ ಒಳ್ಳೇ ಹೆಂಗಸು, ಮ್ಯಾಮ್. ಆದರೆ ನನಗೆ ಇವರ ಪರಿಚಯ ಇಲ್ಲ."

ಆಮೇಲೆ ಆ ಹಾಳೆಯನ್ನು ಬಿಸಿಲಿಗೆ ಹಿಡಿದು ಕೆಂಪಿನ ಕೆಳಗೆ ಹುಡುಕುತ್ತ ನಿಂತರು.

ಕೆಲವು ತಿಂಗಳಲ್ಲಿ ಹಗ್ಗದ ಸದ್ದು ನಿಂತಿತು. ಅವರ ತಂಗಿ ಕೆರೊಲಿನಾದಿಂದ ಬಂದು, ತನ್ನ ಮನೆಗೇ ಕರೆದುಕೊಂಡು ಹೊರಟಳು. ನಾನು ಕಾರಿನ ಹತ್ತಿರ ಹೋದೆ. ಒಂದು ಕಾಲು ಒಳಗೆ, ಒಂದು ಹೊರಗೆ ಇಟ್ಟು ಕೂತಿದ್ದರು, ಮಡಿಲಲ್ಲಿ ಆ ಪ್ಯಾಡ್. ಕೆಂಪು ಗೆರೆಯ ಮೇಲೆ ಬೆರಳಿಟ್ಟು, "ಇಲ್ಲಿ ಅಮ್ಮ ಏನಂದಿದ್ದಳು?" ಎಂದು ಕೇಳಿದರು.

ಹೊಡೆದುಹಾಕುವ ಮೊದಲು ಆ ಸಾಲು ಓದಿದ್ದವಳು ನಾನೊಬ್ಬಳೇ. ಅರ್ಧ ನೆನಪಿತ್ತು, ಉಳಿದರ್ಧ ನನ್ನ ಊಹೆಯೋ ಏನೋ, ಇವತ್ತಿಗೂ ಗೊತ್ತಿಲ್ಲ. ಜನ್ಮದಲ್ಲಿ ಹಾಗೆ ಇಂಗ್ಲಿಷ್ ಆಡಿದವಳಲ್ಲ. ಸೊಂಟಕ್ಕೆ ಕೈಯಿಟ್ಟು ಗದರಿದೆ. "ಬಾಯ್, ಐ ಡೋಂಟ್ ಪ್ಲೇ. ಯೂ ಗೆಟ್ ಇನ್ ದಿಸ್ ಹೌಸ್."

ಅವರು ತಲೆ ತಗ್ಗಿಸಿದರು. ಹೊರಗಿದ್ದ ಕಾಲನ್ನು ಒಳಗೆಳೆದುಕೊಂಡರು.

"ಯೆಸ್, ಮ್ಯಾಮ್."

ಅದು ನನಗೆ ಹೇಳಿದ್ದೋ, ಅವರ ಅಮ್ಮನಿಗೋ. ಕೇಳುವಷ್ಟರಲ್ಲಿ ತಂಗಿ ಬಾಗಿಲು ಹಾಕಿದಳು.