ಸ್ಕರ್ಟಿಗೆ ಅಂಟಿದ್ದ ಪಟ್ಟಿ

ನನ್ನ ಹೊಲಿಗೆ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಗುಂಡಿ, ಕಾಜ, ಅಂಚು ಎಲ್ಲಕ್ಕೂ ಕಾಜಮ್ಮನದೇ ಕೈ. ಗುಂಡಿ ತೂರುವ ಕಾಜವನ್ನು ಅವಳಷ್ಟು ನೀಟಾಗಿ ಹೊಲಿಯುವವರನ್ನು ನಾನು ಕಂಡಿಲ್ಲ. ಅದಕ್ಕೇ ಅವಳಿಗೆ ಆ ಹೆಸರು ಬಿತ್ತು. ಹೋದ ವರ್ಷ ‘ಹೊಟ್ಟೆಯಲ್ಲಿ ಗಡ್ಡೆ’ ಎಂದು ನಾಲ್ಕು ತಿಂಗಳು ರಜೆ ಹಾಕಿದಳು. ಮರಳಿ ಬಂದವಳಿಗೆ ಕೂತಲ್ಲೇ ಸೆಕೆ, ಮೈಯೆಲ್ಲ ಬೆವರು. ಅವಳು ಫ್ಯಾನ್ ತನ್ನ ಕಡೆ ತಿರುಗಿಸಿದರೆ ನನ್ನ ಅಳತೆಯ ಪೇಪರ್ ಕಟಿಂಗೆಲ್ಲ ಹಾರಿಹೋಗುತ್ತಿತ್ತು. “ಏನೇ, ಮೂವತ್ತೇಳಕ್ಕೇ ಮುದುಕಿಯಾದ್ಯಾ?” ಎಂದು ಗಿರಾಕಿಗಳ ಮುಂದೆಯೇ ನಗೆಯಾಡಿದ್ದೆ. ನನ್ನ ಬಾಯಿಗೆ ಬೀಗವಿಲ್ಲ. ಅವಳೂ ನಕ್ಕಿದ್ದಳು. ಈಚೆಗೆ ಸೆಕೆ ಕಡಿಮೆಯಾಗಿ ಫ್ಯಾನ್ ಜಗಳ ನಿಂತಾಗ, ಅದು ನನ್ನ ಗೇಲಿಯ ಫಲ ಎಂದುಕೊಂಡಿದ್ದೆ.

ನನ್ನದೂ ಒಂದು ಗುಟ್ಟಿದೆ. ಬ್ಯಾಂಕಿನ ಮ್ಯಾನೇಜರ್ ಮೇಡಂ ಅಳತೆಯೂ ಕಾಜಮ್ಮನ ಅಳತೆಯೂ ಒಂದೇ. ಅವರ ಸ್ಕರ್ಟು ಮುಗಿದಾಗಲೆಲ್ಲ ಪರದೆಯ ಹಿಂದೆ ಕಾಜಮ್ಮನಿಗೆ ತೊಡಿಸಿ ಉದ್ದ, ಸೊಂಟ ನೋಡಿಕೊಳ್ಳುತ್ತಿದ್ದೆ. ಹೊಸ ಬಟ್ಟೆಯನ್ನು ಬೇರೆಯವರ ಮೈಗೆ ಹಾಕಿದ್ದು ಗೊತ್ತಾದರೆ ಗಿರಾಕಿ ಉಳಿಯುತ್ತಾರೆಯೇ?

ಮೊನ್ನೆ ಮೇಡಂ ಸ್ಕರ್ಟು ಹಿಡಿದು ಬಂದರು. ಸೊಂಟದ ಕೆಳಗೆ, ಲೈನಿಂಗಿಗೆ ಹೆಬ್ಬೆಟ್ಟಿನಗಲದ ಪಾರದರ್ಶಕ ಪಟ್ಟಿಯೊಂದು ಅಂಟಿತ್ತು.

“ಏನಿದು ಅಸಹ್ಯ?”

ಅದು ಎಲ್ಲಿಂದ ಬಂದಿರಬೇಕೆಂದು ನನಗೆ ಆ ಕ್ಷಣವೇ ಹೊಳೆಯಿತು. ಹೊಳೆದದ್ದನ್ನು ನುಂಗಿಕೊಂಡು ಮೂಲೆಯಲ್ಲಿ ಅಂಗಡಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ತಾತನ ಮೇಲೆ ಹರಿಹಾಯ್ದೆ. “ಏನ್ ತಾತ, ನಿಮ್ಮ ಬೆನ್ನುನೋವಿನ ಪಟ್ಟಿನೆಲ್ಲಾ ಗಿರಾಕಿ ಬಟ್ಟೆಗೆ ಮೆತ್ತೋದಾ? ನಾಳೆಯಿಂದ ಬರ್ಬೇಡಿ!”

ತಾತ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ನನ್ನನ್ನೇ ಮಿಕಮಿಕ ನೋಡಿದರು. “ನನಗೆಲ್ಲಮ್ಮ ಬೆನ್ನುನೋವು?”

ಕಾಜಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. ತಲೆ ಎತ್ತಲಿಲ್ಲ.

“ತಾತಂಗೆ ಬೈಬೇಡಿ ಅಕ್ಕ. ಅದು ನಂದು. ನಂಗೆ ಆಗಿದ್ದು ಬರೀ ಗಡ್ಡೆ ಅಲ್ಲ, ಗರ್ಭಕೋಶದ ಬಾಯಿ ಕ್ಯಾನ್ಸರ್. ಅದೇನೋ ವಾಸಿಯಾಯ್ತು, ಆದ್ರೆ ರೇಡಿಯೇಷನ್‌ಗೆ ಅಂಡಾಶಯ ಕೆಲ್ಸ ನಿಲ್ಲಿಸ್ತು. ಮುಟ್ಟು ನಿಂತೋಯ್ತು. ಆ ಸೆಕೆ, ನಿದ್ದೆ ಇಲ್ದಿರೋದು ಎಲ್ಲಾ ಅದ್ಕೇನೇ. ಮೂಳೆ ಸವೀಬಾರ್ದು ಅಂತ ಡಾಕ್ಟ್ರು ಈ ಹಾರ್ಮೋನ್ ಪಟ್ಟಿ, ಜೊತೆಗೊಂದು ಮಾತ್ರೆ ಕೊಟ್ಟಿದಾರೆ. ಐವತ್ತಾಗೋವರೆಗೂ ಬೇಕಂತೆ. ಹೊಟ್ಟೆ ಕೆಳಗೆ ಅಂಟಿಸ್ಕೋತೀನಿ.”

ಅಕ್ಕತಂಗಿಯರೂ ಪಿಸುಗುಟ್ಟಿ ಹೇಳಿಕೊಳ್ಳುವ ಮಾತುಗಳನ್ನು ಅವಳು ತಾತನ ಎದುರು, ಗಿರಾಕಿಯ ಎದುರು ಹೇಳಿದಳು. ಹೇಳುವಂತೆ ಮಾಡಿದವಳು ನಾನು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮೇಡಂ ಅಷ್ಟಕ್ಕೇ ಬಿಡಲಿಲ್ಲ. “ಸರಿ, ನಿಮ್ಮ ಹೊಟ್ಟೆ ಮೇಲಿದ್ದದ್ದು ನನ್ನ ಸ್ಕರ್ಟೊಳಗೆ ಹೇಗ್ ಬಂತು?”

ಈಗ ಮಾತಾಡಬೇಕಾದವಳು ನಾನು. ‘ನಾನೇ ತೊಡಿಸಿದೆ’ ಎಂದರೆ ಮುಗಿಯಿತು. ಕಾಜಮ್ಮ ನನ್ನ ಮುಖ ನೋಡಿದಳು. ನಾನು ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತೆ.

“ತೊಡೆ ಮೇಲಿಟ್ಕೊಂಡು ಅಂಚು ಹೊಲೀತಿದ್ದೆ ಮೇಡಂ. ಅಂಟು ಬಿಟ್ಟು ಬಿದ್ದಿರ್ಬೇಕು. ತಪ್ಪಾಯ್ತು,” ಎಂದಳು.

“ಇನ್ಮೇಲೆ ನನ್ನ ಬಟ್ಟೆ ಇವ್ರು ಮುಟ್ಟೋದು ಬೇಡ,” ಎಂದರು ಮೇಡಂ ನನ್ನ ಕಡೆ ತಿರುಗಿ.

“ಆಗ್ಲಿ ಮೇಡಂ,” ಎಂದೆ.