ಬೆಳ್ಳೂರಿನ ತೋಡಿಗೆ ಕಟ್ಟ ಕಟ್ಟುವ ಕಿನ್ನಿ

ಬೆಳಗಿನ ಮಂಜು ಇನ್ನೂ ಕರಗಿಲ್ಲ. ಬೆಳ್ಳೂರಿನ ತೋಡಿನಲ್ಲಿ, ಆ ಸಣ್ಣ ಹಳ್ಳದ ಮೊಣಕಾಲುದ್ದ ನೀರಿಗಿಳಿದ ಕಿನ್ನಿ, ಕಲ್ಲುಗಳ ಸಂದಿಗೆ ಸೊಪ್ಪು ತುರುಕಿ ಮಣ್ಣು ಮೆತ್ತುತ್ತಿದ್ದಾರೆ. ಮಳೆಗಾಲ ಮುಗಿದ ಮೇಲೆ ಹರಿಯುವ ನೀರಿಗೆ ಅಡ್ಡಲಾಗಿ ಹಾಕುವ ಈ ಒಡ್ಡಿಗೆ ಇಲ್ಲಿನವರು ‘ಕಟ್ಟ’ ಎನ್ನುತ್ತಾರೆ. ದಿನಕ್ಕೆ ಅರವತ್ತು ಬುಟ್ಟಿ ಮಣ್ಣು, ಹನ್ನೆರಡು ದಿನದ ಕೆಲಸ. ಐವತ್ತು ದಾಟಿದ ಈಕೆ ಮೂವತ್ತೈದು ವರ್ಷಗಳಿಂದ ಇದನ್ನೇ ಮಾಡುತ್ತಿದ್ದಾರೆ.

ಈ ನೀರು ಉಣಿಸುವ ಗದ್ದೆ, ಮೂರು ವರ್ಷದ ಹಿಂದೆ, 1951ರವರೆಗೆ, ಕಿನ್ನಿಯ ಮನೆಯದೇ ಆಗಿತ್ತು. ಅಳಿಯಸಂತಾನದ ಮನೆ; ಗದ್ದೆ ತಾಯಿಯಿಂದ ಮಗಳಿಗೆ ಬರುತ್ತಿತ್ತು. ಕಾಗದದಲ್ಲಿ ಮಾತ್ರ ಯಜಮಾನನೆಂದು ಆಕೆಯ ತಮ್ಮ ಉಗ್ಗಪ್ಪನ ಹೆಸರು. ಪಾಲು ಮಾಡಿಕೊಳ್ಳಬಹುದೆಂಬ ಹೊಸ ಕಾನೂನು ಬಂದದ್ದೇ ತಡ, ಆತ ಅಕ್ಕನನ್ನು ರಿಜಿಸ್ಟ್ರಿ ಕಚೇರಿಗೆ ಕರೆದೊಯ್ದ.

“‘ನಿನ್ನ ಪಾಲು ನಿನ್ನ ಹೆಸರಿಗೆ ಆಗ್ತದೆ, ಹೆಬ್ಬೆಟ್ಟು ಒತ್ತು’ ಅಂದ. ನಾನೇ ಎತ್ತಿ ಆಡಿಸಿದವ. ಎಂತ ಬರ್ದುಂಟು ಅಂತ ಕೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ.”

ಬರೆದದ್ದು ಬಿಡುಗಡೆ ಪತ್ರ. ತನ್ನ ಹಕ್ಕನ್ನೂ ಮಗಳು ಅಮ್ಮುವಿನ ಹಕ್ಕನ್ನೂ ಕಿನ್ನಿ ಬಿಟ್ಟುಕೊಟ್ಟಿದ್ದರು. ಅದು ತಿಳಿದದ್ದು ಆರು ತಿಂಗಳ ಮೇಲೆ, ಸೀತಾಂಗೋಳಿಯ ವ್ಯಾಪಾರಿ ಹರಿನಾಥರ ಎತ್ತುಗಳು ಗದ್ದೆಗಿಳಿದಾಗ. ಹರಿನಾಥರು ಉಗ್ಗಪ್ಪ ಬರೆದುಕೊಟ್ಟ ಕ್ರಯಪತ್ರ ತೋರಿಸಿದರು. ಅಂದಿನಿಂದ ಅಮ್ಮು ಕಂಡವರ ಗದ್ದೆಯಲ್ಲಿ ಕೂಲಿಗೆ ಭತ್ತದ ನೇಜಿ ನೆಡುತ್ತಾಳೆ.

ಕಳೆದ ವರ್ಷ ಮಾತ್ರ, ಗದ್ದೆ ಹೋದ ಸಿಟ್ಟಿಗೆ, ಕಿನ್ನಿ ತೋಡಿಗೆ ಇಳಿಯಲಿಲ್ಲ. ಹರಿನಾಥರ ಆಳುಗಳು ಹಾಕಿದ ಕಟ್ಟ ಎಂಟೇ ದಿನಕ್ಕೆ ಕೊಚ್ಚಿಹೋಯಿತು. ತೋಡಿನಲ್ಲಿ ನೀರು ನಿಂತು ಇಂಗದೆ, ಬೇಸಗೆಯಲ್ಲಿ ಸುತ್ತಲಿನ ಐದು ಮನೆಗಳ ಬಾವಿ ಬತ್ತಿತು. ಬಸುರಿ ಅಮ್ಮು ಗುಡ್ಡದಾಚೆಯಿಂದ ನೀರು ಹೊತ್ತಳು. ಏಳು ತಿಂಗಳಿಗೇ ಹೆರಿಗೆಯಾಗಿ ಮಗು ಉಳಿಯಲಿಲ್ಲ.

“ಹಟ ಮಾಡಿದ್ದು ನಾನು. ಹೋದದ್ದು ಅವಳ ಮಗು,” ಎನ್ನುತ್ತಾರೆ ಕಿನ್ನಿ. ಮತ್ತೆ ಬಗ್ಗಿ ಮಣ್ಣು ಎತ್ತಿಕೊಳ್ಳುತ್ತಾರೆ. “ಗದ್ದೆ ಅವರದ್ದಾದ್ರೂ ಬಾವಿ ನಮ್ಮದಲ್ವಾ?”

ಈ ವರ್ಷ ಯಾರೂ ಕರೆಯುವ ಮೊದಲೇ ಆಕೆ ಕೆಲಸ ಶುರುಮಾಡಿದ್ದಾರೆ. ಹರಿನಾಥರು ದಿನಕ್ಕೆ ಒಂದು ಸೇರು ಅಕ್ಕಿ ಕೊಡುತ್ತಾರೆ.

ಗದ್ದೆ ಮಾರಿ ಇಟ್ಟ ಅಂಗಡಿ ನಷ್ಟದಲ್ಲಿ ಮುಳುಗಿ, ಉಗ್ಗಪ್ಪ ಈಗ ಆಗಾಗ ಅಕ್ಕನ ಮನೆಗೆ ಬರುತ್ತಾನೆ. ಆ ಅಕ್ಕಿಯದೇ ಗಂಜಿ ಬಡಿಸುತ್ತಾರೆ ಕಿನ್ನಿ. ಆತ ತಲೆ ತಗ್ಗಿಸಿ ಉಂಡು ಎದ್ದುಹೋಗುತ್ತಾನೆ.

“ಗದ್ದೆ ಇನ್ನು ಬರುದಿಲ್ಲ, ಗೊತ್ತುಂಟು,” ಎನ್ನುತ್ತಾರೆ ಆಕೆ. “‘ಅಕ್ಕ, ನಿಂಗೆ ಮೋಸ ಮಾಡಿದೆ’ ಅಂತ ಅವ ಒಂದು ಸಲ ಬಾಯಿಬಿಟ್ಟು ಹೇಳ್ಲಿ, ಸಾಕು. ಅಮ್ಮುವಿನ ಎದುರು ಹೇಳ್ಬೇಕು.”