ಉಗುರಿನ ಬುಡದಲ್ಲಿ ಕಂಡದ್ದು

ಬೀದಿಯವರೆಲ್ಲ ಆಕೆಯನ್ನು ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನ ಕ್ಷೌರದಂಗಡಿಯನ್ನು ನಡೆಸಿಕೊಂಡು ಬಂದವಳು. ಕೈಯಷ್ಟೇ ಬಾಯಿಯೂ ಚುರುಕು. ಕುರ್ಚಿಯಲ್ಲಿ ಕೂತವರ ಮನೆಮಂದಿಯ ಸಮಾಚಾರವೆಲ್ಲ ತಿಳಿಯದೆ ಕತ್ತರಿ ಕೆಳಗಿಡುತ್ತಿರಲಿಲ್ಲ.

ನಲವತ್ತು ದಾಟಿದ ಮೇಲೆ ತೋಳು ಮಾತು ಕೇಳದಾಯಿತು. ಬಾಚಣಿಗೆ ಗಿರಾಕಿಯ ನೆತ್ತಿ ತಲುಪುವಷ್ಟರಲ್ಲಿ ಕೈ ತಾನಾಗಿ ಕುಸಿಯುತ್ತಿತ್ತು. ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕಾಯಿತು.

"ವಯಸ್ಸಾಯ್ತಲ್ಲ, ಇನ್ನೇನು," ಎಂದ ಗಂಡ.

"ನಿಮಗಿಂತ ನಾನು ಚಿಕ್ಕೋಳು. ಹಾಗಾದ್ರೆ ನಿಮ್ಮ ಕೈ ಯಾಕೆ ಬೀಳಲ್ಲ?"

ಇಬ್ಬರೂ ಆಸ್ಪತ್ರೆಗೆ ಹೋದರು.

ಡಾಕ್ಟರಮ್ಮ ಆಕೆಯ ತೋಳು ಎತ್ತಿಸಿ ನೋಡಿದರು. ಆಮೇಲೆ ಬೆರಳು ಹಿಡಿದು ಉಗುರಿನ ಬುಡವನ್ನೇ ದಿಟ್ಟಿಸಿದರು. ಅಲ್ಲಿ ಚರ್ಮ ಕೆಂಪಾಗಿತ್ತು.

"ಗಿರಾಕಿಗಳ ಕೂದಲಿಗೆ ಬಣ್ಣ ಹಚ್ತೀನಲ್ಲ, ಅದರದ್ದಿರಬೇಕು," ಎಂದಳು ಆಕೆ.

"ಇರಿ, ನೋಡೋಣ," ಎಂದು ಡಾಕ್ಟರಮ್ಮ ಅಲ್ಲಿಗೊಂದು ಹನಿ ಎಣ್ಣೆ ಹಾಕಿ ಸೂಕ್ಷ್ಮದರ್ಶಕ ಹಿಡಿದರು. ಪಕ್ಕದ ಕಂಪ್ಯೂಟರ್ ಪರದೆಯ ಮೇಲೆ ಕೆಂಪು ಗೆರೆಗಳು ಮೂಡಿದವು. ಕೆಲವು ಊದಿಕೊಂಡು ಗೋಜಲಾಗಿದ್ದವು. ನಡುನಡುವೆ ಬರೀ ಖಾಲಿ ಜಾಗ.

"ಇವು ತೀರಾ ಸಣ್ಣ ರಕ್ತನಾಳಗಳು. ಮಾಂಸಖಂಡದ ಒಳಗೂ ಹೀಗೇ ಕೆಟ್ಟಿರಬಹುದು. ರಕ್ತ ಸಾಲದೆ ತೋಳು ಸೋಲ್ತಿರಬೇಕು."

ಆಕೆಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಯಿತು. "ಚೆನ್ನಾಗಿರೋರದ್ದು ಹೇಗಿರುತ್ತೆ?" ಎಂದವಳೇ ಗಂಡನ ಕಡೆ ತಿರುಗಿದಳು. "ನಿಮ್ಮ ಬೆರಳು ಕೊಡಿ ಇಲ್ಲಿ."

ಡಾಕ್ಟರಮ್ಮ ನಕ್ಕು ಒಪ್ಪಿದರು. ಅವನ ರಕ್ತನಾಳಗಳು ಹೇರ್‌ಪಿನ್ ಜೋಡಿಸಿಟ್ಟಂತೆ ಒಂದೇ ಸಾಲಿನಲ್ಲಿದ್ದವು.

"ಜೀವನದಲ್ಲಿ ಇದೊಂದನ್ನಾದ್ರೂ ನೀಟಾಗಿ ಇಟ್ಕೊಂಡಿದ್ದೀರಲ್ಲ," ಎಂದಳು ಆಕೆ.

ತೋಳಿನಿಂದ ಚೂರು ಮಾಂಸ ತೆಗೆದು ಪರೀಕ್ಷಿಸಿದಾಗ ಡಾಕ್ಟರಮ್ಮನ ಊಹೆ ನಿಜವಾಯಿತು. ದೇಹದ ರೋಗನಿರೋಧಕ ಶಕ್ತಿಯೇ ಆ ನಾಳಗಳ ಮೇಲೆ ತಿರುಗಿಬಿದ್ದಿತ್ತು. ಮಾತ್ರೆ ಶುರುವಾಯಿತು, ಅದರಿಂದ ಮುಖ ಊದಿತು, ನಿದ್ದೆ ಕೆಟ್ಟಿತು. ಅಂಗಡಿಯನ್ನು ನಾದಿನಿ ನೋಡಿಕೊಂಡಳು. ಸುಮ್ಮನೆ ಕೂತ ಆಕೆ ಮನೆಗೆ ಬಂದವರ ಉಗುರನ್ನೆಲ್ಲ ಭೂತಗನ್ನಡಿಯಲ್ಲಿ ನೋಡತೊಡಗಿದಳು. ಸರಿಯಾಗಿ ಏನೂ ಕಾಣುತ್ತಿರಲಿಲ್ಲ, ಆದರೂ ಬಿಡುತ್ತಿರಲಿಲ್ಲ.

ಬಲ ನಿಧಾನವಾಗಿ ಮರಳಿತು. ವರ್ಷ ತುಂಬುವ ಹೊತ್ತಿಗೆ ಮತ್ತೆ ಕತ್ತರಿ ಹಿಡಿದಳು. ಮಧ್ಯಾಹ್ನದ ಮೇಲೆ ಮಾತ್ರ ಕೈ ಸೋಲುತ್ತಿತ್ತು. ಆಸ್ಪತ್ರೆಗೆ ಮತ್ತೆ ತೋರಿಸಲು ಹೋದಾಗ ಪರದೆಯ ಮೇಲೆ ನಾಳಗಳ ಊತ ಇಳಿದಿತ್ತು, ಖಾಲಿ ಜಾಗದಲ್ಲಿ ಕವಲೊಡೆದ ಹೊಸ ನಾಳಗಳು ಕಂಡವು.

"ಹೊಸವು ಯಾಕೆ ಸೊಟ್ಟ ಬೆಳೆದಿವೆ?"

"ಅದು ನಮಗೂ ಪೂರ್ತಿ ಗೊತ್ತಿಲ್ಲ," ಎಂದರು ಡಾಕ್ಟರಮ್ಮ. "ನಮ್ಮಲ್ಲಿ ಕಲಿಯೋ ವಿದ್ಯಾರ್ಥಿಗಳಿಗೆ ನಿಮ್ಮ ಬೆರಳು ತೋರಿಸಲಾ?"

"ತೋರಿಸಿ. ಆದ್ರೆ ಮೊದಲು ಅವರದ್ದು ನಾನು ನೋಡ್ಬೇಕು."